ಮೂರು ಕಣ್ಣಿನ ಮುಖವಾಡ

ಯಾರ ಕೈಯಲ್ಲಿ ಏನು ಮಾಡಿಸಿದರೂ ಅದು ಯಾತಕ್ಕೆಂದು ಬಾಯಿ ಬಿಡಬಾರದು ಎಂಬುದು ಬಹಳ ವರ್ಷ ನನ್ನ ಸಿದ್ಧಾಂತವಾಗಿತ್ತು. ಮದುವೆಗೆ ಎಂದರೆ ಶಾಮಿಯಾನದವನು ದರ ಏರಿಸುತ್ತಾನೆ; ನಾಳೆಯೇ ಬೇಕು ಎಂದರೆ ದರ್ಜಿ ಏರಿಸುತ್ತಾನೆ. ಬರಿಗೈಲಿ ಕಡೂರಿಗೆ ಬಂದು ಕೊಬ್ಬರಿ ವ್ಯಾಪಾರದಲ್ಲಿ ತಲೆ ಎತ್ತಿದವನು ನಾನು. ಈ ಬುದ್ಧಿಯನ್ನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದೆ. ಒಂದು ಮುಖವಾಡ ಮಾಡಿಸಿದ ಮೇಲೆ ಹಂಚುವುದು ಸ್ವಲ್ಪ ಕಡಿಮೆಯಾಗಿದೆ.

ಎಪ್ಪತ್ತರ ದಶಕದ ಮಾತು. ಮನುಷ್ಯ ಚಂದ್ರನ ಮೇಲೆ ಓಡಾಡಿ ಬಂದಿದ್ದ. ಇನ್ನು ಅಲ್ಲಿನವರು ಇಲ್ಲಿಗೆ ಬರುವುದೇ ಬಾಕಿ ಎಂದು ಅಜ್ಜಂಪುರದ ವಿಜ್ಞಾನದ ಮೇಷ್ಟ್ರು ಶಿವಲಿಂಗಪ್ಪನವರು ಬೇರೆ ಗ್ರಹದವನೊಬ್ಬನ ಮೇಲೆ ನಾಟಕ ಬರೆದರು. ಸ್ಟೇಜಿನ ಮೇಲೆ ನಿಲ್ಲುವ ಆಸೆ ನನಗೆ ಚಿಕ್ಕಂದಿನದು. ಆದರೆ ಪಂಚನಹಳ್ಳಿಯಿಂದ ಸಿಂಗಟಗೆರೆಯವರೆಗೆ ನನ್ನ ಮುಖ ಎಲ್ಲರಿಗೂ ಗೊತ್ತು. ರಾಜನ ಪಾತ್ರ ಹಾಕಿ ಅತ್ತರೂ ಕೊಬ್ಬರಿ ದರ ಇಳಿಸಲು ಅಳುತ್ತಿದ್ದಾನೆ ಎಂದೇ ಜನ ತಿಳಿಯುತ್ತಾರೆ. ಮುಖ ಮುಚ್ಚಿಕೊಂಡು ಆಡಬಹುದಾದ ಪಾತ್ರ ನನ್ನ ಆಯುಸ್ಸಿಗೆ ಇದೊಂದೇ.

ಮೇಷ್ಟ್ರು ಷರತ್ತು ಹಾಕಿದರು. "ಮುಖವಾಡ ನೀವೇ ಮಾಡಿಸ್ಕೊಂಡು ಬಂದ್ರೆ ಪಾತ್ರ ನಿಮ್ದು. ಇಲ್ದಿದ್ರೆ ಸೈಕಲ್ ಅಂಗಡಿ ಮಂಜಪ್ಪಂಗೆ ಕೊಟ್ಬಿಡ್ತೀನಿ, ನೋಡಿ ಮತ್ತೆ."

ಅಂದಿನಿಂದ ಕುಳಿತಲ್ಲಿ ಕೂರಲಾಗಲಿಲ್ಲ. ತಕ್ಕಡಿ ಮುಂದೆ ನಿಂತರೂ ಮಂಜಪ್ಪನೇ ಕಣ್ಣಿಗೆ ಬರುತ್ತಿದ್ದ. ತರೀಕೆರೆಗೆ ಬಸ್ಸು ಹತ್ತಿ, ತಗಡಿನ ಕೆಲಸಕ್ಕೆ ಹೆಸರಾದ ಕಾಳಾಚಾರ್ರ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಾಟಕ ಎಂದರೆ ದರ ಏರುತ್ತದಲ್ಲ, ಮೇಷ್ಟ್ರು ಬರೆದುಕೊಟ್ಟ ಚಿತ್ರವನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಒಂದು ಮುಖವಾಡ ಆಚಾರ್ರೇ. ಗಂಡಸಿನ ಮುಖದಷ್ಟು. ಹಣೆ ಮೇಲೆ ಮೂರನೇ ಕಣ್ಣು. ನೋಡ್ದೋರು ಬೆಚ್ಚಿ ಬೀಳ್ಬೇಕು."

ಅವರು ನನ್ನನ್ನೇ ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. "ಕೂಲಿ ಬ್ಯಾಡ ಸಾವ್ಕಾರ್ರೇ. ತಗಡಿನ ದುಡ್ಡು ಕೊಡಿ, ಸಾಕು."

ಬಾಯಿ ತೆರೆಯದೆಯೇ ಕೂಲಿ ಬಿಡಿಸಿದೆ ಎಂದು ಮನೆಯಲ್ಲಿ ಕೊಚ್ಚಿಕೊಂಡೆ. ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ನಿಮ್ಗೆ, ಕೂಲಿ ಬ್ಯಾಡ ಅಂದ್ರಾ? ಎಲ್ಲೋ ಎಡವಟ್ಟಾಗೈತೆ ಕಣ್ರೀ."

ನಾಟಕಕ್ಕೆ ಆರು ದಿನ ಇದ್ದಾಗ ಮುಖವಾಡ ತಂದು, ಸುತ್ತಿದ್ದ ಮಡಿಬಟ್ಟೆ ಬಿಚ್ಚಿದೆ. ಥಳಥಳ ಹಿತ್ತಾಳೆ. ಹುರಿ ಮೀಸೆ, ಹಣೆಗೆ ವಿಭೂತಿಯ ಮೂರು ಗೆರೆ, ಅದರ ನಡುವೆ ಉರಿಗಣ್ಣು. ನನ್ನಾಕೆ ಥಟ್ಟನೆ ಕೈ ಮುಗಿದಳು. ಮುಖಕ್ಕೆ ಹಿಡಿದುಕೊಂಡೆ, ಕಗ್ಗತ್ತಲು. ಮೂರು ಕಣ್ಣಿನಲ್ಲಿ ಒಂದಕ್ಕೂ ತೂತಿಲ್ಲ, ಮೂಗಿಗೂ ಇಲ್ಲ. ದೇವರು ಉಸಿರಾಡಬೇಕಾಗಿಲ್ಲವಲ್ಲ!

ಈಗ ಯೋಚಿಸಿದರೆ ಆಚಾರ್ರದು ಏನೂ ತಪ್ಪಿಲ್ಲ. ನಮ್ಮ ಸೀಮೆಯಲ್ಲಿ ನಾಟಕದವನು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾನೆ. ಮುಖವಾಡ ತೊಡುವುದು ಗುಡಿಯೊಳಗಿನ ಲಿಂಗ, ಅದೂ ವಿಶೇಷ ಪೂಜೆಯ ದಿನ. ಮೂರು ಕಣ್ಣು ಎಂದ ಮೇಲೆ ಅವರು ಇನ್ನೇನು ಕೇಳಬೇಕಿತ್ತು? ಬೇರೆ ಗ್ರಹದವನಿಗೆ ಮೂರು ಕಣ್ಣಿಟ್ಟ ಮೇಷ್ಟ್ರಿಗೂ, ಅದನ್ನೇ ಹೇಳಿ ಮಾಡಿಸಿದ ನನಗೂ ಮೂರು ಕಣ್ಣಿನವನೊಬ್ಬ ಮೊದಲೇ ಇದ್ದಾನೆ ಎಂಬುದು ಹೊಳೆಯಲಿಲ್ಲ. ನಿತ್ಯ ಅವನ ಹೆಸರು ಹೇಳಿಯೇ ಅಂಗಡಿ ಬಾಗಿಲು ತೆಗೆಯುವವರು ನಾವು!

ನಾನೇ ತೂತು ಕೊರೆಯೋಣವೆಂದು ಉಳಿ ಹಿಡಿದೆ. ಆ ಕಣ್ಣಿಗೆ ಉಳಿ ಇಡಲು ಕೈ ಬರಲಿಲ್ಲ. ಅತ್ತ ಮಂಜಪ್ಪ ಮಾತು ಬಾಯಿಪಾಠ ಮಾಡುತ್ತಿದ್ದಾನೆಂದು ಸುದ್ದಿ. ಮತ್ತೆ ತರೀಕೆರೆಗೆ ಓಡಿ, ಚಿತ್ರ ಬಿಚ್ಚಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ.

ಆಚಾರ್ರು ಬೈಯಲಿಲ್ಲ. "ದೇವ್ರಿಗೆ ಕೂಲಿ ಬ್ಯಾಡ ಅಂದಿದ್ದೆ, ನಿಮ್ಗೆ ಅಂದಿಲ್ಲ" ಎಂದು ಪೂರಾ ಕೂಲಿ ವಸೂಲು ಮಾಡಿದರು. ನಾನು ಚೌಕಾಸಿ ಮಾಡಲಿಲ್ಲ. ಆಮೇಲೆ ಚಿತ್ರ ನೋಡಿದರು.

"ಇವ್ನ ಲೋಕದಾಗೆ ಗಾಳಿ ಐತಾ?"

"ಇಲ್ಲವಂತೆ."

"ಮತ್ತೆ ಮೂಗ್ಯಾಕೆ? ತೆಗೀರಿ. ಬಿಸ್ಲು?"

"ಸುಡೋ ಬಿಸಿಲಂತೆ."

"ಹಂಗಾರೆ ಕಣ್ಣು ಇಷ್ಟಗಲ ಇದ್ರೆ ಕುರುಡಾಗ್ತಾನೆ. ಸೀಳಿದಂಗೆ ಸಣ್ಣಕಿರ್ಲಿ. ಉಸ್ರು ನಿಮ್ಗೆ ಬೇಕಲ್ಲ, ಗದ್ದದ ಕೆಳಗೆ ಸಾಲಾಗಿ ತೂತು ಹೊಡೀತೀನಿ, ಯಾರ್ಗೂ ಕಾಣಲ್ಲ."

ಮೇಷ್ಟ್ರಿಗೆ ಹೊಳೆಯದ ವಿಜ್ಞಾನ! ತೆಳು ಅಲ್ಯುಮಿನಿಯಂ ತಗಡು ಬಡಿದು, ರಿವೆಟ್ ಹೊಡೆದು, ಮೂಗಿಲ್ಲದ ಮುಖವೊಂದನ್ನು ನಾಲ್ಕೇ ದಿನದಲ್ಲಿ ಕೊಟ್ಟರು. ಹಿತ್ತಾಳೆಯದನ್ನು ದೇವನೂರಿನ ಕಡೆಯ ಒಂದು ಶಿವನ ಗುಡಿಗೆ ಒಪ್ಪಿಸಿದೆ. ಪಾತ್ರ ನನಗೇ ಉಳಿಯಿತು.

ನಾಟಕದ ಸಂಜೆ ಆಚಾರ್ರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಸ್ಟೇಜಿಗೆ ಇಳಿದಾಗ ಮಕ್ಕಳು ಕಿರುಚಿದವು. ಕೊಬ್ಬರಿಯವನೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಚಡಪಡಿಕೆ ಇಳಿದು, ಗಂಟಲು ಬಿಚ್ಚಿ ಮಾತಾಡಿದೆ. ಪರದೆ ಬಿದ್ದದ್ದೇ ಆಚಾರ್ರ ಹತ್ತಿರ ಓಡಿದೆ. "ಹೆಂಗಿತ್ತು ಆಚಾರ್ರೇ ನನ್ ಪಾತ್ರ?"

"ಪಾತ್ರ ಗೊತ್ತಾಗ್ಲಿಲ್ಲ ಸಾವ್ಕಾರ್ರೇ. ಬಲಗಿವಿ ಹತ್ರ ಒಂದು ರಿವೆಟ್ ಸಡ್ಲ ಆಗಿತ್ತು. ಅದನ್ನೇ ನೋಡ್ತಾ ಇದ್ನಾ, ನೀವು ಏನ್ ಮಾತಾಡಿದ್ರೋ ಕೇಳಿಸ್ಲೇ ಇಲ್ಲ. ಕೊಡಿ ಇಲ್ಲಿ, ಸರಿ ಮಾಡಿ ಕೊಡ್ತೀನಿ."

"ನಾಟಕ ಮುಗೀತಲ್ಲ, ಇನ್ಯಾಕೆ?"

"ಮುಗುದ್ರೇನು? ಸಡ್ಲ ಇರೋದು ಸಡ್ಲವೇ ಅಲ್ವಾ?" ಎಂದು ಮುಖವಾಡವನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ಸಿನ ಕಡೆ ನಡೆದೇಬಿಟ್ಟರು.