ಅತ್ತೆ ತೊಳೆದ ಮೆಷಿನು

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹುಣಸೆಹುಳಿಯಲ್ಲೂ ಬೂದಿಯಲ್ಲೂ ವರ್ಷಗಟ್ಟಲೆ ನೆಂದು ಹಳದಿಗಟ್ಟಿ, ಕೊಂಬಿನ ಚೂರಿನಷ್ಟು ಗಡುಸಾಗಿತ್ತು. ತೊಳೆದಿಟ್ಟ ಪಾತ್ರೆಯನ್ನು ಬೆಳಕಿಗೆ ಹಿಡಿದು ಆ ಉಗುರನ್ನು ಅಂಚಿನ ಮಡಿಕೆಯೊಳಗೆ ಸುತ್ತಲೂ ಎಳೆಯುತ್ತಿದ್ದರು. ಉಗುರಿನ ತುದಿಗೆ ಏನಾದರೂ ಹತ್ತಿದರೆ ಅದನ್ನು ನನ್ನ ಸೆರಗಿಗೆ ಒರೆಸುತ್ತಿದ್ದರು. ನಾನು ಪಾತ್ರೆ ಎತ್ತಿಕೊಂಡು ಮತ್ತೆ ಬಾವಿಕಟ್ಟೆಗೆ ಹೋಗಬೇಕು. ಮದುವೆಯಾಗಿ ಕಾಸರಗೋಡಿನಿಂದ ಕೊಚ್ಚಿಗೆ ಬಂದ ಮೊದಲ ವರ್ಷ ನನ್ನ ಸೀರೆಗಳ ಸೆರಗೆಲ್ಲ ಹೀಗೆ ಕಲೆಯಾಗಿದ್ದವು.

ನನ್ನ ಗಂಡನಿಗೆ ಬಂದರಿನ ಕಚೇರಿಯಲ್ಲಿ ಕೆಲಸ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಓಣಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಅತ್ತೆ ಬೈದದ್ದು ನೆರೆಯವರಿಗೆ ತಿಳಿಯುತ್ತಿರಲಿಲ್ಲ ಎನ್ನುವುದೊಂದೇ ನನಗಿದ್ದ ಮರ್ಯಾದೆ. ಅವರು ಆರು ಹೆತ್ತವರು. ಉಳಿದದ್ದು ನನ್ನ ಗಂಡ ಒಬ್ಬರೇ. ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನನ್ನನ್ನು ಅತ್ತೆ ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ‘ಏ’ ಎಂದರೆ ನಾನು.

ಮೊದಲು ಪಾತ್ರೆ ತಿಕ್ಕಲು, ಚೇಚ್ಚಿ ಎಂದು ನಾವು ಕರೆಯುತ್ತಿದ್ದ ಮಲಯಾಳಿ ಹೆಂಗಸೊಬ್ಬಳು ಬರುತ್ತಿದ್ದಳು. ತಪ್ಪಲೆಯ ಅಂಚಿನಲ್ಲಿ ಅನ್ನದ ಅಗುಳೊಂದು ಸಿಕ್ಕಿತೆಂದು ಅತ್ತೆ ಅವಳನ್ನು ನಿಂತ ಕಾಲಲ್ಲೇ ಕೆಲಸದಿಂದ ಬಿಡಿಸಿದರು. ಓಣಂ ಹತ್ತಿರವಿತ್ತು. ಅವಳು ಗೇಟಿನ ಹೊರಗೆ ನಿಂತು, “ಅಮ್ಮಾ, ಓಣಂ ಕಳಿಯಟ್ಟೆ” ಎಂದು, ಹಬ್ಬ ಕಳೆಯುವವರೆಗಾದರೂ ಇಟ್ಟುಕೊಳ್ಳಿ ಎಂದು ಬೇಡಿದಳು. ಅತ್ತೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದರು.

“ಇನ್ನು ನೀನಿದ್ದೀಯಲ್ಲ.”

ನಮ್ಮ ಬಾವಿಯ ನೀರಿಗೆ ಉಪ್ಪಿನ ಅಂಶವಿತ್ತು. ಆ ನೀರು, ಬೂದಿ, ತೆಂಗಿನ ನಾರು, ಈ ಮೂರರಲ್ಲಿ ಕೆಲವೇ ತಿಂಗಳಲ್ಲಿ ನನ್ನ ಬೆರಳ ತುದಿಗಳು ಒಡೆದವು. ಒಂದು ದಿನ ಗಂಡನಿಗೆ ಬಡಿಸುವಾಗ ಅನ್ನದ ಮೇಲೆ ರಕ್ತದ ಹನಿ ಬಿತ್ತು. ಅವರು ನೋಡಿದರು. ಪಕ್ಕದಲ್ಲಿ ಕೂತ ಅಮ್ಮನ ಮುಖವನ್ನೂ ನೋಡಿದರು. ಅಷ್ಟು ಅನ್ನವನ್ನು ಬದಿಗೆ ಸರಿಸಿ ಊಟ ಮುಂದುವರಿಸಿದರು. ಅಮ್ಮನಿಗೆ ಎದುರಾಡುವ ಧೈರ್ಯ ಅವರಿಗೆ ಹುಟ್ಟಿದಂದಿನಿಂದ ಇರಲಿಲ್ಲ. ಅದರ ಬದಲು, ಆ ತಿಂಗಳೇ, ಮೆಷಿನು ತಂದರು.

ಊರಿಗೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯ ಸಾಮಾನು ಹರಾಜಿಗೆ ಬಂದಿತ್ತು. ಅದರಲ್ಲಿ ಇದೂ ಇತ್ತು: ಬಿಳಿ ಬಣ್ಣದ, ಸೊಂಟದೆತ್ತರದ, ಪಾತ್ರೆ ತೊಳೆಯುವ ವಿದ್ಯುತ್ ಮೆಷಿನು. ಯಾರಿಗೂ ಬೇಡವಾದ್ದರಿಂದ ಇವರ ಪಾಲಿಗೆ ಬಂತು. ಕೈಗಾಡಿಯಿಂದ ಇಳಿಸಿ ಅಡಿಗೆಮನೆಯ ಹೊಸಿಲಿಗೆ ತರುವಷ್ಟರಲ್ಲಿ ಅತ್ತೆ ಅಡ್ಡ ನಿಂತರು.

“ಇದರಲ್ಲಿ ಅವರು ಎಂತೆಂತ ತಿಂದ ಬಟ್ಟಲು ತೊಳೆದಿದ್ದಾರೆ ಗೊತ್ತುಂಟಾ? ದನ, ಹಂದಿ. ಒಳಗೆ ತರ್ಲಿಕ್ಕಿಲ್ಲ.”

“ತೊಳೆದರೆ ಆಯ್ತಲ್ಲ ಅಮ್ಮ.”

“ಯಾರು ತೊಳೀತಾರೆ? ನೀನಾ?”

ಅವರು ತಲೆ ತಗ್ಗಿಸಿದರು. ಅತ್ತೆಯ ಕಣ್ಣು ನನ್ನ ಮೇಲೆ ನಿಂತಿತು. ಆಗ ನನಗೆ ಮೂರು ತಿಂಗಳು.

ಹಿಂದಿನ ಜಗಲಿಯಲ್ಲಿ ಮೆಷಿನಿನ ಹೊಟ್ಟೆ ಬಿಚ್ಚಿ ಕೂತೆ. ತಳದಲ್ಲಿ ಒಂದು ಜಾಲರಿ. ಅದರ ಕಣ್ಣುಗಳೆಲ್ಲ ಹಳೆಯ ಕೊಬ್ಬಿನಿಂದ ಮುಚ್ಚಿ ಮೇಣದಂತೆ ಗಟ್ಟಿಯಾಗಿದ್ದವು. ನೀರು ಚಿಮ್ಮಿಸುವ ತಿರುಗುವ ಕೊಳವೆಯ ತೂತುಗಳಲ್ಲಿ ಸುಣ್ಣದಂತಹ ಬಿಳಿ ಹೆಪ್ಪು. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಕಪ್ಪು ಲೋಳೆ. ಕುದಿಯುವ ನೀರಿಗೆ ಬಟ್ಟೆಸೋಡಾ ಹಾಕಿ ಜಾಲರಿ ಮುಳುಗಿಸಿದಾಗ ಕೊಬ್ಬು ಕರಗಿ ಎದ್ದ ವಾಸನೆ ಇವತ್ತಿಗೂ ಮೂಗಿನಿಂದ ಹೋಗಿಲ್ಲ. ನಾನು ಅಂಗಳಕ್ಕೆ ಓಡಿ ಕಕ್ಕಿದೆ. ಅತ್ತೆ ಮಣೆ ಹಾಕಿಕೊಂಡು ಎದುರಿಗೇ ಕೂತಿದ್ದರು.

“ಆಯ್ತಾ? ಬಾಯಿ ಮುಕ್ಕಳಿಸಿ ಬಾ. ಇನ್ನೂ ಉಂಟು.”

ಕೊಳವೆಯ ಒಂದೊಂದು ತೂತಿಗೂ ಹಿಡಿಸೂಡಿ ಕಡ್ಡಿ ತೂರಿಸಿ ಹೆಪ್ಪು ಕೆರೆಯಬೇಕು. ಆಮೇಲೆ ನಿಂಬೆರಸ. ಆಮೇಲೆ ಅಂಟುವಾಳದ ನೀರು. ಆಮೇಲೆ ಅವರ ಉಗುರು. ಎಷ್ಟೋ ದಿನ ಹೀಗೇ ನಡೆಯಿತು. ಕೊನೆಗೆ ಒಳಗೆಲ್ಲ ಬೆಳ್ಳಗಾದ ಮೇಲೆ ಅತ್ತೆ ಅಂದರು, “ಅಡಿ ನೋಡ್ಲಿಲ್ಲ. ಎತ್ತು.”

ಗಂಡ ಕಚೇರಿಯಲ್ಲಿದ್ದರು. “ಇವರು ಬಂದ ಮೇಲೆ ಎತ್ತಲಾ ಅತ್ತೆ?” ಎಂದೆ.

“ನಾನು ತುಂಬು ಗರ್ಭಿಣಿ ಇರುವಾಗ ಹಂಡೆ ನೀರು ಹೊತ್ತಿದ್ದೇನೆ. ಎತ್ತು.”

ಎತ್ತಿದೆ. ಮೆಷಿನು ಒಂದು ಬದಿಗೆ ವಾಲಿತು, ಅದರ ಭಾರ ನನ್ನ ಹೊಟ್ಟೆಗೆ ಒತ್ತಿ ನಿಂತಿತು. ಅತ್ತೆ ಬಗ್ಗಿ ಅಡಿಯನ್ನು ನಿಧಾನವಾಗಿ ಪರೀಕ್ಷಿಸಿ, “ಹ್ಞಾಂ, ಇಳಿಸು” ಎಂದರು.

ಮರುದಿನ ಬೆಳಿಗ್ಗೆ ನನ್ನನ್ನು ದೋಣಿಯಲ್ಲಿ ಎರ್ನಾಕುಳದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದೋಣಿಯ ಹಲಗೆಯ ಮೇಲೆಲ್ಲ ರಕ್ತ. ಮಗು ಉಳಿಯಲಿಲ್ಲ. ಭಾರ ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ನಂಬಲಿಲ್ಲ.

ಮನೆಗೆ ಬಂದು ಮೂಲೆಯಲ್ಲಿ ಮುಖ ಮುಚ್ಚಿ ಮಲಗಿದ್ದೆ. ಅತ್ತೆ ಗಂಜಿ ತಂದಿಟ್ಟು ತಲೆಯ ಹತ್ತಿರ ನಿಂತರು. “ಐದನ್ನು ಮಣ್ಣಿಗೆ ಕೊಟ್ಟಿದ್ದೇನೆ ನಾನು. ಮರುದಿನ ಭತ್ತ ಕುಟ್ಟಿದ್ದೇನೆ. ಮುಖವೂ ಕಾಣದ ಒಂದಕ್ಕೆ ಇಷ್ಟು ಅಳುದೆಂತಕ್ಕೆ? ಗಂಜಿ ಆರ್ತದೆ.” ಆ ಗಂಜಿಯನ್ನು ನಾನು ಕುಡಿಯಲಿಲ್ಲ. ಅವರು ಅದನ್ನು ತೆಗೆದುಕೊಂಡು ಹೋಗಿ ತಾವೇ ಕುಡಿದರು. ಚೆಲ್ಲುವ ಅಭ್ಯಾಸ ಅವರಿಗಿರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಅಡಿಗೆಮನೆಗೆ ಹೋದೆ. ಅಲ್ಲಿ ಮೆಷಿನು ಗರಗರ ತಿರುಗುತ್ತಿತ್ತು. ಅತ್ತೆ ಅದರ ಎದುರು ಕೂತಿದ್ದರು. ನಾನು ಎಂಜಲು ತಟ್ಟೆ ಎತ್ತಲು ಬಗ್ಗಿದೆ.

“ಮುಟ್ಟಬೇಡ. ನಿನ್ನ ಕೈಯಲ್ಲಿ ಹಾಳಾಗ್ತದೆ.”

ಅಂದಿನಿಂದ ಆ ಮೆಷಿನನ್ನು ನಾನು ಮುಟ್ಟಲಿಲ್ಲ. ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುವುದೂ ನಿಂತಿತು. ಎಲ್ಲವನ್ನೂ ಅವರೇ ಮಾಡಿದರು. ತಾವು ತಪ್ಪು ಮಾಡಿದೆವೆಂದು ಅನ್ನಿಸಿ ಮಾಡಿದರೋ, ನನ್ನ ಕೈಯನ್ನು ನಿಜವಾಗಿಯೂ ಅಶುಭವೆಂದುಕೊಂಡು ಮಾಡಿದರೋ, ಅವರು ಹೇಳಲಿಲ್ಲ.

ದೊರೆಯ ಮನೆಯಿಂದ ಮೆಷಿನಿನ ಜೊತೆ ವಿಲಾಯತಿ ಪುಡಿಯ ಡಬ್ಬಿಯೊಂದು ಬಂದಿತ್ತು. ಅದನ್ನು ಬಳಸಿದ ನೀರು ಹಿತ್ತಲ ಬಾಳೆಯ ಬುಡಕ್ಕೆ ಹೋಗಿ ಎಲೆಗಳ ಅಂಚು ಸುಟ್ಟಂತಾಯಿತು. ಅತ್ತೆ ಡಬ್ಬಿಯನ್ನು ದೂರ ಎಸೆಸಿದರು. ಅದರ ಬದಲು ನನ್ನ ಗಂಡ ಬಟ್ಟೆ ಒಗೆಯುವ ಸಾಬೂನಿನ ಪುಡಿ ಹಾಕಿ ನೋಡಿದರು. ಬಾಗಿಲಿನ ಸಂದಿಯಿಂದ ನೊರೆ ಉಕ್ಕಿ ಅಡಿಗೆಮನೆಯೆಲ್ಲ ಹರಡಿ ಒಲೆಯ ಬೆಂಕಿ ಆರಿತು. ಮೂವತ್ತು ದಾಟಿದ ಮಗನ ಕೆನ್ನೆಗೆ ಅತ್ತೆ ನನ್ನೆದುರೇ ಹೊಡೆದರು. ಆಮೇಲೆ ತಮ್ಮದೇ ಕ್ರಮ ಹುಡುಕಿಕೊಂಡರು. ಬಟ್ಟೆಸೋಡಾ ಒಂದು ಚಿಟಿಕೆ, ಸೋಸಿದ ಅಂಟುವಾಳದ ನೀರು ಸ್ವಲ್ಪವೇ ಸ್ವಲ್ಪ. ಹಿತ್ತಾಳೆ, ಕಂಚು ಒಳಗೆ ಹೋಗುವಂತಿಲ್ಲ, ಕಪ್ಪಾಗುತ್ತವೆ. ದಿನವೂ ಜಾಲರಿ ತೆಗೆದು ತಿಕ್ಕಿ ಬಿಸಿಲಿಗೆ ಒಣಗಿಸುವುದು. ರಬ್ಬರಿನ ಸಂದಿಯನ್ನು ನಿಂಬೆಸಿಪ್ಪೆಯಿಂದ ಉಜ್ಜಿ ಒಣಬಟ್ಟೆಯಿಂದ ಒರೆಸುವುದು. ಕೆಲಸ ಮುಗಿದ ಮೇಲೆ ಬಾಗಿಲು ತೆರೆದೇ ಇಡುವುದು, ಇಲ್ಲದಿದ್ದರೆ ಮುಗ್ಗಲು. ಒಳಗೆ ಸುಣ್ಣ ಕಟ್ಟಿದರೆ ಖಾಲಿ ಮೆಷಿನಿಗೆ ಬಿಸಿನೀರು ತುಂಬಿ, ಕೊಚ್ಚಿಯವರು ಚೊರುಕ್ಕ ಎನ್ನುವ ಕಳ್ಳಿನ ವಿನೆಗರ್ ಹೊಯ್ದು ತಿರುಗಿಸುವುದು. ಮಡಿ ಹೆಂಗಸಿನ ಅಡಿಗೆಮನೆಯಲ್ಲಿ ಕಳ್ಳೇ ಎಂದು ನನ್ನ ಗಂಡ ಒಮ್ಮೆ ನಗಲು ನೋಡಿದರು.

“ಕುಡಿಯುದು ಮೆಷಿನು. ನಾನಲ್ಲ” ಎಂದರು ಅತ್ತೆ.

ಅದೇ ಹೊತ್ತಿಗೆ ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಶ್ರೀಕಾರ್ಯಂ ಎಂಬ ಜಾಗದ ಹತ್ತಿರ ಮನೆ ಮಾಡಿದೆವು. ಲಾರಿಯಲ್ಲಿ ಮೆಷಿನು ಬಂತು, ಅದರ ಪಕ್ಕದಲ್ಲೇ ಕೂತು ಅತ್ತೆಯೂ ಬಂದರು. ಅಲ್ಲಿ ನಾನು ಮತ್ತೆ ಬಸುರಿಯಾದೆ. ಈ ಸಲ ಒಂದು ಚೊಂಬನ್ನೂ ಎತ್ತಲಿಲ್ಲ. ಅದೂ ಹೋಯಿತು. ಇನ್ನು ಪ್ರಯತ್ನಿಸಿದರೆ ತಾಯಿಯ ಜೀವಕ್ಕೇ ಅಪಾಯ ಎಂದು ಡಾಕ್ಟರು ಕೈಚೆಲ್ಲಿದರು.

ಸುದ್ದಿ ಊರಿಗೆ ಮುಟ್ಟಿತು. ಗಂಡನ ಚಿಕ್ಕಪ್ಪ ಕಾಸರಗೋಡಿನಿಂದ ಬಂದರು. ಒಂದು ಹುಡುಗಿ ನೋಡಿದ್ದಾರಂತೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನು ಅಲ್ಲಿದ್ದದ್ದು ಅತ್ತೆಗೆ ಗೊತ್ತಿತ್ತು. ಗಂಡ ಎಂದಿನಂತೆ ನೆಲ ನೋಡುತ್ತಿದ್ದರು.

“ವಂಶ ಮುಂದುವರಿಯಬೇಕಲ್ಲ ಅತ್ತಿಗೆ” ಎಂದರು ಚಿಕ್ಕಪ್ಪ.

“ಎಂತ ವಂಶ? ಇವನ ಹಾಗಿನವರು ಇನ್ನೂ ನಾಲ್ಕು ಜನವಾ?” ಎಂದರು ಅತ್ತೆ. “ಈ ಸೊಸೆಯೊಂದನ್ನು ತಿದ್ದಿಯೇ ನನಗೆ ಸಾಕಾಗಿದೆ. ಇನ್ನೊಂದನ್ನು ತಿದ್ದುವ ಶಕ್ತಿ ನನಗಿಲ್ಲ. ಊಟ ಮಾಡಿ ಹೊರಡಿ.”

ಚಿಕ್ಕಪ್ಪ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. “ಏ. ನೀನು ಎಲ್ಲಿವರೆಗೆ ಕಲ್ತದ್ದು?”

“ಎಸ್ಸೆಸ್ಸೆಲ್ಸಿ.”

“ಹೊಟ್ಟೆಯಲ್ಲಿ ಪಿಂಡ ನಿಲ್ಲುದಿಲ್ಲ. ತಲೆಯಲ್ಲಿ ಅಕ್ಷರವಾದ್ರೂ ನಿಲ್ತದಾ ನೋಡುವ. ಕಾಲೇಜಿಗೆ ಹೋಗು. ಪಾತ್ರೆ ಮೆಷಿನು ತೊಳೀತದೆ, ಮೆಷಿನು ನಾನು ತೊಳೀತೇನೆ. ಮನೆಯಲ್ಲಿ ನಿನ್ನಿಂದ ಎಂತ ಪ್ರಯೋಜನ ಉಂಟು?”

ಆ ಮಾತು ಕೇಳಿ ನಾನು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಇಷ್ಟು ಕೆಟ್ಟದಾಗಿ ನನ್ನೊಡನೆ ಯಾರೂ ಮಾತಾಡಿರಲಿಲ್ಲ. ಇಷ್ಟು ದೊಡ್ಡದನ್ನು ಯಾರೂ ಕೊಟ್ಟಿರಲೂ ಇಲ್ಲ. ಮಳೆಗಾಲ ಶುರುವಾದಾಗ ಹೆಂಗಸರ ಕಾಲೇಜಿಗೆ ಸೇರಿದೆ. ಜೊತೆಯ ಹುಡುಗಿಯರೆಲ್ಲ ನನಗಿಂತ ಚಿಕ್ಕವರು. ಪಾಠ ಇಂಗ್ಲಿಷಿನಲ್ಲಿ, ಹರಟೆ ಮಲಯಾಳದಲ್ಲಿ. ಸಂಜೆ ಬಸ್ಸಿಳಿದು ಬಂದರೆ ಅತ್ತೆ ಚಾ ಕೊಡುತ್ತಿರಲಿಲ್ಲ, ಆದರೆ ಅಡಿಗೆಮನೆಗೂ ಬಿಡುತ್ತಿರಲಿಲ್ಲ. “ಪುಸ್ತಕ ಹಿಡಿ. ಫೇಲಾದ್ರೆ ಆ ಚಿಕ್ಕಪ್ಪನಿಗೆ ಹೇಳಿ ಕಳಿಸ್ತೇನೆ” ಎನ್ನುತ್ತಿದ್ದರು. ತಮಾಷೆಗೆ ಹೇಳುವವರಲ್ಲ ಅವರು. ಆ ಹೆದರಿಕೆಯಿಂದಲೇ ಓದಿದೆ.

ಪರೀಕ್ಷೆ ಹತ್ತಿರ ಬಂದಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಆದರೂ ಮಗನ ಕೈಯಲ್ಲಿ ತಮ್ಮನ್ನು ಎತ್ತಿಸಿಕೊಂಡು ಮೆಷಿನಿನ ಎದುರು ಕೂತು ಮಗನಿಂದಲೇ ಜಾಲರಿ ತಿಕ್ಕಿಸುತ್ತಿದ್ದರು. ಒಂದು ದಿನ ಗಂಡ ಕಚೇರಿಯಿಂದ ಬರುವುದು ತಡವಾಯಿತು. ತೊಳೆಯದ ಪಾತ್ರೆಗಳು ರಾಶಿ ಬಿದ್ದಿದ್ದವು. ನಾನು ಸುಮ್ಮನೆ ಹೋಗಿ ಮೆಷಿನಿನ ಬಾಗಿಲು ತೆರೆದು ಜಾಲರಿಗೆ ಕೈ ಹಾಕಿದೆ. ಹಿಂದಿನಿಂದ ಹಿತ್ತಾಳೆಯ ಲೋಟ ಹಾರಿ ಬಂದು ಹುಬ್ಬಿನ ಮೇಲೆ ಬಡಿಯಿತು. ಎಡಗೈಯಲ್ಲಿ ಎಸೆದಿದ್ದರು. ರಕ್ತ ಕಣ್ಣಿಗಿಳಿಯಿತು.

“ಮುಟ್ಬೇಡ ಅಂದಿದ್ದೆ” ಎಂದರು, ಸೊಟ್ಟ ಬಾಯಿಯಲ್ಲಿ ಒಂದೊಂದೇ ಅಕ್ಷರ ಎಳೆದು. “ಓದು.”

ರಸಾಯನಶಾಸ್ತ್ರದ ಪರೀಕ್ಷೆಯ ದಿನ ಬೆಳಿಗ್ಗೆ ಅವರ ಉಸಿರು ಏರುಪೇರಾಯಿತು. ಬಾಯಿಗೆ ನೀರು ಬಿಟ್ಟರೆ ಕಟವಾಯಿಯಿಂದ ಇಳಿದು ಹೋಗುತ್ತಿತ್ತು. ನಾನು ಉಟ್ಟಿದ್ದ ಸೀರೆ ಬದಲಿಸಲಿಲ್ಲ, ಅಲ್ಲೇ ಕೂತೆ. ಅವರು ಕಣ್ಣು ತೆರೆದರು.

“ಗಂಟೆ ಎಷ್ಟು?”

ಹೇಳಿದೆ.

“ಮತ್ತೆ ಇಲ್ಲೆಂತ ಮಾಡ್ತೀ?”

“ನಿಮ್ಮನ್ನು ಬಿಟ್ಟು ಹೇಗೆ ಹೋಗ್ಲಿ ಅತ್ತೆ?”

“ನೀನು ಕೂತ್ರೆ ನಾನು ಬದುಕ್ತೇನಾ? ಫೇಲಾಗ್ಲಿಕ್ಕೆ ನೆಪ ಹುಡುಕಬೇಡ. ಹೋಗು.” ಮತ್ತೆ ಮಗನ ಕಡೆ ಕಣ್ಣು ಹೊರಳಿಸಿದರು. “ಇವಳನ್ನು ಎಬ್ಬಿಸು. ನನಗೆ ಇವಳ ಮುಖ ನೋಡಿಕೊಂಡು ಸಾಯ್ಲಿಕ್ಕಿಲ್ಲ.”

ನನ್ನ ಕಿವಿಗೆ ಬಿದ್ದ ಅವರ ಕೊನೆಯ ಮಾತು ಅದು. ನಾನು ಹೋದೆ. ಪ್ರಶ್ನೆಪತ್ರಿಕೆ ಸುಲಭವಾಗಿತ್ತು. ಸಂಜೆ ಬಂದಾಗ ಜಗಲಿಯಲ್ಲಿ ಜನ ತುಂಬಿದ್ದರು. ಅತ್ತೆಯನ್ನು ಆಗಲೇ ಸ್ನಾನ ಮಾಡಿಸಿ ಮಲಗಿಸಿದ್ದರು. ತಿರುವನಂತಪುರದ ನಾಲ್ಕಾರು ಕನ್ನಡದ ಮನೆಗಳ ಹೆಂಗಸರು ಬಂದಿದ್ದರು. ನಾನು ಪೆನ್ನು ಹಿಡಿದುಕೊಂಡೇ ಒಳಗೆ ಬಂದದ್ದನ್ನು ಎಲ್ಲರೂ ನೋಡಿದರು.

“ಅತ್ತೆ ಪ್ರಾಣ ಬಿಡ್ತಾ ಇದ್ರೆ ಇವಳು ಪರೀಕ್ಷೆ ಬರೆಯೋಕೆ ಹೋಗಿದ್ದಳಂತೆ” ಎಂದರು ಮೈಸೂರಿನ ಕಡೆಯವರೊಬ್ಬರು, ನನಗೆ ಕೇಳುವ ಹಾಗೆ. “ಕಲ್ಲೆದೆ ಕಣ್ರೀ.”

ಗಂಡ ಕೇಳಿಸಿಕೊಂಡರು. ಅಮ್ಮನೇ ಕಳಿಸಿದ್ದು ಎನ್ನಲು ಒಂದು ಮಾತು ಸಾಕಿತ್ತು. ಅವರು ನೆಲ ನೋಡುತ್ತಾ ನಿಂತರು. ನಾನೂ ಹೇಳಲಿಲ್ಲ. ಹೇಳಿದ್ದರೆ, ಸೊಸೆಯನ್ನು ಓದಿಸಿದ ಮಹಾತಾಯಿ ಎಂದು ಅವರೆಲ್ಲ ಅತ್ತೆಯ ಕಾಲಿಗೆ ಬೀಳುತ್ತಿದ್ದರು. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಎಷ್ಟೋ ವರ್ಷ ಆ ಮನೆಗಳಲ್ಲಿ ನಾನು ಕಲ್ಲೆದೆಯವಳಾಗಿಯೇ ಉಳಿದೆ.

ಅತ್ತೆ ಹೋದ ಮೇಲೆ ಮೆಷಿನು ಹೆಚ್ಚು ಕಾಲ ನಡೆಯಲಿಲ್ಲ. ಗಂಡ ಜಾಲರಿ ತಿಕ್ಕುವುದು ಬಿಟ್ಟರು, ನೀರು ಕಟ್ಟಿ ಮೋಟಾರು ಸುಟ್ಟಿತು, ಗುಜರಿಯವನು ಹೊತ್ತುಕೊಂಡು ಹೋದ. ನಾನು ಪಾಸಾದೆ, ಮುಂದೆಯೂ ಓದಿದೆ. ಅದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ನನ್ನ ಹೆಸರು ಹಿಡಿದು, ಅದಕ್ಕೆ ‘ಟೀಚರ್’ ಸೇರಿಸಿ ಕರೆಯುವವರು ನೂರಾರು ಜನ ಆದರು.

ನಿವೃತ್ತಿಯ ದಿನ ಚಾ ಕುಡಿಯುವಾಗ ಒಬ್ಬ ಹುಡುಗಿ ಕೇಳಿದಳು, “ಟೀಚರ್, ಆ ಕಾಲದಲ್ಲಿ ಮದುವೆಯಾದ ಮೇಲೆ ನಿಮ್ಮನ್ನು ಓದಿಸಿದ್ದು ಯಾರು?”

“ನನ್ನ ಅತ್ತೆ.”

“ಅಯ್ಯೋ, ಎಷ್ಟು ಒಳ್ಳೆಯವರು!”

“ಅಲ್ಲ” ಎಂದೆ. ಅವಳು ನಕ್ಕಳು, ನಾನು ತಮಾಷೆ ಮಾಡಿದೆನೆಂದು. “ಒಳ್ಳೆಯವರಲ್ಲ ಮಗೂ. ಆದರೆ ಓದಿಸಿದ್ದು ಅವರೇ.”