ನೀಲಕ್ಕ ಟಿಕ್ ಹಾಕದ ಕಾಲಂ

ಜಾಲಹಳ್ಳಿಯ ಆ ಖಾಸಗಿ ಲ್ಯಾಬಿನಲ್ಲಿ ನೀಲಕ್ಕನ ಸಹಿ ಇಲ್ಲದೆ ನೀರಿನ ಪರೀಕ್ಷೆಯ ಒಂದು ವರದಿಯೂ ಹೊರಗೆ ಹೋಗುತ್ತಿರಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಹತ್ತೊಂಬತ್ತು ವರ್ಷವಾದರೂ ಆಕೆ ಊರಿನ ಮಾತು ಬಿಟ್ಟಿರಲಿಲ್ಲ. ಈಗೀಗ ಸಹಿ ಡಿಜಿಟಲ್ ಆಗಿತ್ತು; ಪೆನ್‌ಡ್ರೈವ್‌ನಂಥ ಡಾಂಗಲ್ ಒಂದನ್ನು ಕಂಪ್ಯೂಟರಿಗೆ ಚುಚ್ಚಿದರಷ್ಟೇ ಸಹಿ ಬೀಳುತ್ತಿತ್ತು. ಸಹಿ ಹಾಕುವಾಗ ಆಕೆ ಯಾವ ಕಾಲಂಗೆ ಟಿಕ್ ಹಾಕುತ್ತಾಳೋ ಅದನ್ನಷ್ಟೇ ಆಫೀಸಿನವರು ಆಮೇಲೆ ತಿದ್ದಬಹುದು, ಸಹಿ ಕೆಡುವುದಿಲ್ಲ. ಬೇರೆ ಕಡೆ ಒಂದಕ್ಷರ ಮುಟ್ಟಿದರೂ, ವರದಿ ತೆರೆದವರಿಗೆ ‘ಸಹಿ ಅಸಿಂಧು’ ಎಂದು ಕೆಂಪಗೆ ಕಾಣುತ್ತದೆ. ನೀಲಕ್ಕ ಟಿಕ್ ಹಾಕುತ್ತಿದ್ದದ್ದು ಗಿರಾಕಿಯ ಹೆಸರು, ವಿಳಾಸಕ್ಕೆ ಮಾತ್ರ.

ಒಂದು ದಿನ ಕೋಗಿಲಿನ ಹೊಸ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಬಂತು. ಎರಡು ಸಲ ಪರೀಕ್ಷಿಸಿದಳು. ಎರಡು ಸಲವೂ ಒಳಚರಂಡಿಯ ಬ್ಯಾಕ್ಟೀರಿಯಾ. ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದಳು.

ಲ್ಯಾಬ್ ಮಾಲೀಕ ಮಹೇಂದ್ರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. “ಮೇಡಂ, ಬಿಲ್ಡರ್ ನಮಗೆ ಬೇಕಾದವರು. ಫಲಿತಾಂಶದ ಕಾಲಂಗೂ ಒಂದ್ ಟಿಕ್ ಹಾಕ್ಬಿಡಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ. ನೀವೇನೂ ಸುಳ್ಳು ಬರೀಬೇಕಾಗಿಲ್ಲ.”

“ಹೆಸರು ತಪ್ಪಿದ್ರ ತಿದ್ಕೋರಿ ಸರ. ನೀರಾಗಿನ ಹೊಲಸು ತಿದ್ದಾಕ ನಾ ಯಾರಿಗೂ ಪರವಾನಗಿ ಕೊಡಂಗಿಲ್ಲ.”

ಅವನ ಎದುರಿಗೇ ಎರಡೇ ಕಾಲಂಗೆ ಟಿಕ್ ಹಾಕಿ ಸಹಿ ಒತ್ತಿದಳು.

ಯಾರು ನೋಡ್ತಾರೆ ಅಂದುಕೊಂಡು ಮಹೇಂದ್ರ ಫಲಿತಾಂಶ ಬದಲಿಸಿಯೇ ಬಿಲ್ಡರ್‌ಗೆ ಕಳಿಸಿದ. ಬಿಲ್ಡರ್ ಅದನ್ನು ಮನೆ ಕೊಂಡವರಿಗೆಲ್ಲ ಕಳಿಸಿದ. ಅಲ್ಲಿ ಮನೆ ಕೊಂಡಿದ್ದ ನಿವೃತ್ತ ಶಿಕ್ಷಕಿ ಯಶೋಧಾ ವರದಿ ತೆರೆದರೆ ಕೆಂಪಕ್ಷರ. ಮಾರನೇ ದಿನ ನೇರ ಲ್ಯಾಬಿಗೇ ಬಂದರು.

“ಸಾಫ್ಟ್‌ವೇರ್ ಪ್ರಾಬ್ಲಮ್ ಮೇಡಂ. ಬೇಕಾದ್ರೆ ಸಹಿ ಮಾಡಿದವರನ್ನೇ ಕೇಳಿ,” ಎಂದು ಮಹೇಂದ್ರ ನೀಲಕ್ಕನತ್ತ ಕಣ್ಣು ಬಿಟ್ಟ.

ನೀಲಕ್ಕನ ಮಗಳು ಸ್ನೇಹಾಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿತ್ತು. ಆದರೂ ಎದ್ದು ನಿಂತಳು. “ಸಾಫ್ಟ್‌ವೇರ್ ಸರಿ ಐತ್ರಿ. ನಾ ಬರದದ್ದನ್ನ ಅಳಿಸ್ಯಾರ. ಇಕಾ, ನನ್ನ ವರದಿ ನೋಡ್ರಿ.” ಮೂಲ ವರದಿ ತೆರೆದು ಪರದೆಯನ್ನು ಅವರತ್ತ ತಿರುಗಿಸಿದಳು. ಯಶೋಧಾ ಫೋಟೊ ತೆಗೆದುಕೊಂಡರು.

“ನಾಳೆಯಿಂದ ಬರೋದ್ ಬೇಡ,” ಅಂದ ಮಹೇಂದ್ರ, ಅವರು ಹೋದ ಮೇಲೆ. “ಸಹಿಯ ಡಾಂಗಲ್ ಇಟ್ಟು ಹೋಗಿ.”

“ಡಾಂಗಲ್ ನನ್ನ ಹೆಸರಿಲೆ ಐತಿ. ಇಟ್ಟು ಹೋಗಾಕ ಇದು ಆಫೀಸಿನ ಪೆನ್ನಲ್ಲ.” ಕಂಪ್ಯೂಟರಿನಿಂದ ಕಿತ್ತು ಪರ್ಸಿಗೆ ಹಾಕಿಕೊಂಡು ಹೊರಟಳು.

ಕೋಗಿಲಿನ ಅಪಾರ್ಟ್‌ಮೆಂಟಿನವರು ಆ ಬೋರ್‌ವೆಲ್ ಮುಚ್ಚಿಸಿದರು. ನೀಲಕ್ಕನಿಗೆ ನಾಲ್ಕು ತಿಂಗಳು ಕೆಲಸ ಸಿಗಲಿಲ್ಲ. ಮಹೇಂದ್ರ ಕಂಡಕಂಡ ಲ್ಯಾಬಿಗೆಲ್ಲ ಫೋನ್ ಮಾಡಿದ್ದ. ಕೊನೆಗೆ ನಾಗಸಂದ್ರದ ಚಿಕ್ಕ ಲ್ಯಾಬೊಂದರಲ್ಲಿ, ಹಳೇ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು.

“ಬಿಡ್ಲಿಲ್ರಿ, ಬಿಡಿಸಿದ್ರು,” ಎಂದು ನಡೆದದ್ದೆಲ್ಲ ಬಿಡಿಸಿ ಹೇಳಿದಳು.

ಸೋಮವಾರದಿಂದಲೇ ಬನ್ನಿ ಅಂದರು.