ಕನ್ನಡಿಯ ಬೆನ್ನಿಗೆ ಹಚ್ಚಿದ ಭಂಡಾರ

ನನ್ನ ಗಂಡ, ಮಕ್ಕಳಿಬ್ಬರು, ಎಲ್ಲರೂ ಮರಾಠಿ ಶಾಲೆಯವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ನಾನು ಮಾತ್ರ ವಿಜಯಪುರದ ಕಡೆಯಿಂದ ಗಡಿಯಾಚೆಯ ಮೈಂದರ್ಗಿಗೆ ಸೊಸೆಯಾಗಿ ಬಂದವಳು, ಕನ್ನಡದಲ್ಲೇ ಕಲಿತವಳು. ಇದನ್ನು ಮನೆಯಲ್ಲಿ ಯಾರೂ ಓದಲಾರರು ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಅತ್ತೆಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ನಮ್ಮವರು ಬಸ್ ಕಂಡಕ್ಟರ್. ಊರ ಮಂದಿಗೆಲ್ಲ ಟಿಕೆಟ್ ಹರಿದು ಕೊಡುವವರಿಗೆ ತಾಯಿಯ ಜೊತೆ ಹೋಗಲು ಬಿಡುವಿರಲಿಲ್ಲ. ಹಳೆಯ ಕಾರೊಂದನ್ನು ಕೊಂಡೆವು. ಮನೆಯಲ್ಲಿ ಕುಳಿತು ಬ್ಲೌಸ್ ಹೊಲಿಯುತ್ತಿದ್ದ ನಾನು ಡ್ರೈವಿಂಗ್ ಕಲಿತೆ. ಇಷ್ಟು ವರ್ಷ ಮಶೀನು ತುಳಿದ ಕಾಲಿಗೆ ಇದೇನು ಹೊಸದೇ ಎಂದು ನಮ್ಮವರು ಚೇಷ್ಟೆ ಮಾಡಿದರು.

ಅತ್ತೆ ಹಿಂದಿನ ಸೀಟಿನಲ್ಲಿ ಎಡಗಡೆ ಕೂರುತ್ತಿದ್ದಳು. ಡಯಾಲಿಸಿಸ್ ಆದ ಮೇಲೆ ಒಮ್ಮೊಮ್ಮೆ ಬಿಪಿ ಸರ್ರನೆ ಇಳಿಯುತ್ತದೆ, ದಾರಿಯುದ್ದಕ್ಕೂ ಲಕ್ಷ್ಯ ಇರಲಿ ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು. ಆದರೆ ಅತ್ತೆ ಬಾಯಿಬಿಟ್ಟು ನೋವು ಹೇಳುವವಳಲ್ಲ. ಕುರಿ ಕಾಯ್ದು ಬಾಳು ಸವೆಸಿದವಳು. ಕುರಿ ನೋವು ಹೇಳುವುದಿಲ್ಲ, ಅದರ ಮುಖ ಹೇಳುತ್ತದೆ ಎನ್ನುವುದು ಅವಳ ಲೆಕ್ಕ. ನಾನು ಹೊಸದಾಗಿ ಬಂದಾಗ ಮಂದೆಯ ಹಿಂದೆ ನಡೆಯುತ್ತ ಒಮ್ಮೆ ಹೇಳಿದ್ದಳು: "ಹಿಂದ ಉಳದ ಕುರಿ ಮಾರಿ ನೋಡಬೇಕವಾ. ಮುಂದಿನ್ವು ತಾವ ಹೋಗ್ತಾವ."

ಅದನ್ನೇ ನಾನು ಕಾರಿನಲ್ಲಿ ಮಾಡುತ್ತಿದ್ದೆ. ಮುಂದಿನ ಗಾಜಿನ ಮೇಲಿನ ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದೆ. ತುಟಿ ಬಿಳುಪೇರಿದರೆ ಗಾಡಿ ಬದಿಗೆ ನಿಲ್ಲಿಸಿ ಮಲಗಿಸುತ್ತಿದ್ದೆ. ಎರಡು ಸಲ ಹಾಗೆ ಉಳಿಸಿಕೊಂಡಿದ್ದೆ.

ಚಳಿಗಾಲ ಬಂದ ಮೇಲೆ ತೊಂದರೆ ಶುರುವಾಯಿತು. ಸರದಿ ಕಾದು, ಡಯಾಲಿಸಿಸ್ ಮುಗಿಸಿ ಸೊಲ್ಲಾಪುರದಿಂದ ಹೊರಡುವಷ್ಟರಲ್ಲಿ ಸಂಜೆ ಆರು, ವಳಸಂಗ ದಾಟುವಷ್ಟರಲ್ಲಿ ಕತ್ತಲು. ಹಿಂದಿನ ಟ್ರಕ್ಕುಗಳ ಬೆಳಕು ಕನ್ನಡಿಗೆ ಬಿದ್ದು ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ರಸ್ತೆಯೂ ಕಾಣದು, ಅತ್ತೆಯೂ ಕಾಣಳು. ಬೆಳಕು ಬಿದ್ದ ಕೂಡಲೇ ತಾನಾಗಿಯೇ ಮಂದವಾಗುವ ಕನ್ನಡಿ ಬಂದಿದೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ಒಂದು ದಿನ ಅತ್ತೆಯನ್ನು ಡಯಾಲಿಸಿಸ್ ಮಶೀನಿಗೆ ಹಚ್ಚಿ, ಅದು ನಡೆಯುವ ನಾಲ್ಕು ತಾಸಿನಲ್ಲಿ ಕಾರಿನ ಸಾಮಾನು ಹಾಕುವ ಅಂಗಡಿಗೆ ಹೋದೆ.

ಅಂಗಡಿಯವನು ಸಾವಕಾಶದ ಮನುಷ್ಯ. ಹಳೆಯ ಕನ್ನಡಿ ಬಿಚ್ಚಿದ, ಹೊಸದನ್ನು ಕೂರಿಸಿದ. ಅದರ ತೆಳ್ಳನೆಯ ವಾಯರನ್ನು ಮೇಲ್ಛಾವಣಿಯ ಬಟ್ಟೆಯ ಅಂಚಿನೊಳಗೆ ತೂರಿಸುತ್ತ ಬಾಗಿಲ ಪಕ್ಕದಿಂದ ಕೆಳಗಿಳಿಸಿ ಫ್ಯೂಜಿನ ಡಬ್ಬಿಗೆ ಜೋಡಿಸಿದ. ನಾನು ಸೀರೆಗೆ ಫಾಲ್ ಹೊಲಿಯುವಾಗ ದಾರ ಕಾಣದಂತೆ ಮಾಡುತ್ತೇನಲ್ಲ, ಹಾಗೆಯೇ ಅಚ್ಚುಕಟ್ಟು. ಕೊನೆಗೆ ಪರೀಕ್ಷೆ ಮಾಡಿ ತೋರಿಸಿದ. ಕನ್ನಡಿಯ ಮುಖಕ್ಕೊಂದು ಪುಟ್ಟ ಕಣ್ಣು, ಗಾಜಿನ ಕಡೆಗಿರುವ ಬೆನ್ನಿಗೊಂದು ಪುಟ್ಟ ಕಣ್ಣು. ಬೆನ್ನಿನ ಕಣ್ಣನ್ನು ಹೆಬ್ಬೆರಳಿನಿಂದ ಮುಚ್ಚಿ, ಮುಂದಿನದಕ್ಕೆ ಮೊಬೈಲಿನ ಬ್ಯಾಟರಿ ಬೆಳಕು ಹಿಡಿದ. ಕನ್ನಡಿ ಮೆಲ್ಲಗೆ ಕಪ್ಪಾಯಿತು.

"ಬೆನ್ನಿನ ಕಣ್ಣ ಹೊರಗಿನ ಬೆಳಕ ನೋಡ್ತದ ವೈನಿ," ಎಂದ. "ಅದಕ್ಕ ಏನೂ ಕಾಣಲಿಲ್ಲಂದ್ರ ರಾತ್ರಿ ಆಗ್ಯಾದ ಅಂತ ತಿಳಕೋತದ."

ಆ ಸಂಜೆ ಟ್ರಕ್ಕುಗಳು ಬೆನ್ನು ಹತ್ತಿದರೂ ಕಣ್ಣು ತಂಪಾಗಿತ್ತು. ಎದುರಿನಿಂದ ಬರುವ ಗಾಡಿಗಳ ಬೆಳಕಿನಲ್ಲಿ ಅತ್ತೆಯ ಮುಖ ಮಸುಕಾಗಿಯಾದರೂ ಕಂಡಿತು. ಕುರುಡಗಣ್ಣಿಗಿಂತ ಮೆಳ್ಳಗಣ್ಣು ಲೇಸು ಎಂದುಕೊಂಡೆ.

ಮುಂದಿನ ಸಲ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಸೂರ್ಯ ಬೆನ್ನಿಗಿದ್ದ. ಊರು ದಾಟಿದೆವೋ ಇಲ್ಲವೋ, ಹಾಡುಹಗಲಿನಲ್ಲಿ ಕನ್ನಡಿ ಕಪ್ಪಾಯಿತು. ಅತ್ತೆ ಇದ್ದ ಕಡೆ ಬರೀ ಒಂದು ನೆರಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೊಲ್ಲಾಪುರ ಮುಟ್ಟುವವರೆಗೂ ಅಂಗಡಿಯವನನ್ನು ಬೈದೆ. ಅತ್ತೆಯನ್ನು ಆಸ್ಪತ್ರೆಗೂ ಬಿಡದೆ ನೇರ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿ, ನಾಲ್ಕು ಮಂದಿಯ ಎದುರು ಅವನ ಮಾನ ಕಳೆದೆ. ಅವನು ಕಾರಿನೊಳಗೆ ಬಾಗಿದ. ಕನ್ನಡಿ ತಿರುಗಿಸಿದ, ಅದರ ಬೆನ್ನನ್ನು ಬಟ್ಟೆಯಿಂದ ಒರೆಸಿದ, ಬಟ್ಟೆಯನ್ನು ನನಗೆ ತೋರಿಸಿದ. ಹಳದಿ.

ಮನೆದೇವರು ಬೀರಪ್ಪನ ಭಂಡಾರ. ನಮ್ಮ ಮನೆಗೆ ಹೊಸದೇನು ಬಂದರೂ, ಟಗರಿರಲಿ ಟೀವಿ ಇರಲಿ, ದೇವರ ಆ ಅರಿಶಿನ ಹಚ್ಚದೆ ಅತ್ತೆ ಬಳಸಗೊಡುತ್ತಿರಲಿಲ್ಲ. ಎಣ್ಣೆಯಲ್ಲಿ ಕಲಸಿ, ಬೊಟ್ಟಿಗೆಂದೇ ಮಾಡಿಟ್ಟಂತಿದ್ದ ಆ ಗುಂಡನೆಯ ಕಣ್ಣಿನ ಮೇಲೆ ಹಚ್ಚಿದ್ದಳು. ಅಂಗಡಿಯವನ ಹೆಬ್ಬೆರಳು ಮಾಡಿದ್ದನ್ನೇ ಅವಳ ಬೊಟ್ಟು ಮಾಡಿತ್ತು. ನನಗೆ ಹೊಳೆಯಬೇಕಿತ್ತು. ಹೊಳೆಯದ್ದಕ್ಕೇ ನಾಚಿಕೆ ಹೆಚ್ಚಾಯಿತು. ಆ ನಾಚಿಕೆಯನ್ನು ಕಾರಿನೊಳಗೆ ಕೂತಿದ್ದವಳ ಮೇಲೆ ಸುರಿದೆ.

"ನಿಮ್ಮ ದೇವರಿಗಿ ಕಣ್ಣ ಮುಚ್ಚೂದಷ್ಟ ಬರ್ತದೇನ್ರಿ?" ಎಂದೆ. "ಇನ್ನ ಮ್ಯಾಲ ನನ್ನ ಗಾಡ್ಯಾಗ ಯಾವದಕ್ಕೂ ಕೈ ಹಚ್ಚಬ್ಯಾಡ್ರಿ."

"ತಪ್ಪಾತವಾ," ಎಂದಳು. "ಕನ್ನಡಿ ಹೊಲಸಾಗಬಾರ್ದಂತ ಬೆನ್ನಿಗಿ ಹಚ್ಚಿದ್ನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಸ್ಪತ್ರೆಯಿಂದ ಹೊರಬಂದು ಮತ್ತೆ ಕಾರು ಹತ್ತುವಾಗ ಅತ್ತೆ ತನ್ನ ಎಡಗಡೆಯ ಜಾಗ ಬಿಟ್ಟು ನನ್ನ ಸೀಟಿನ ಹಿಂದೆ ಕೂತಳು. ಅಲ್ಲಿ ಕೂತರೆ ಕನ್ನಡಿಯಲ್ಲಿ ಸೆರಗಿನ ಅಂಚು ಕೂಡ ಕಾಣುವುದಿಲ್ಲ. ಸಿಟ್ಟಿಗೆ ಕೂತಿದ್ದಾಳೆ, ಕೂರಲಿ ಎಂದುಕೊಂಡೆ. ಅದು ಸಿಟ್ಟೋ, ನನ್ನ ಕಣ್ಣಿಗೆ ಬೀಳಬಾರದೆಂಬ ಹೆದರಿಕೆಯೋ, ಇಂದಿಗೂ ನನಗೆ ಗೊತ್ತಿಲ್ಲ.

ಅಲ್ಲಿಂದ ಅವಳಿಗೆ ಅದೇ ಜಾಗ ಕಾಯಂ ಆಯಿತು. ಈ ಕಡೆ ಕೂಡ್ರಿ ಎಂದು ಒಂದು ಮಾತು ಅಂದಿದ್ದರೆ ತಕ್ಷಣ ಸರಿಯುತ್ತಿದ್ದಳು. ಪ್ರತಿ ಸಲ ಬಾಯಿಯವರೆಗೆ ಬರುತ್ತಿತ್ತು. ನಾನೇ ಯಾಕೆ ಮೊದಲು ಅನ್ನಬೇಕು ಎಂದು ನುಂಗುತ್ತಿದ್ದೆ. ಮುಖ ನೋಡುವ ಬದಲು, ಆರಾಮ ಅದೀರೇನ್ರಿ ಎಂದು ಆಗಾಗ ಕೇಳುತ್ತಿದ್ದೆ. ಹೂಂ ಎನ್ನುತ್ತಿದ್ದಳು. ಹಾಗೆ ಐದು ತಿಂಗಳು ಹೋದವು.

ಬೇಸಿಗೆಯ ಒಂದು ಸಂಜೆ. ಆರು ಗಂಟೆಯಾದರೂ ಬಿಸಿಲು ಇತ್ತು. ಕನ್ನಡಿ ಸ್ವಚ್ಛವಾಗಿ, ಹೇಳಿ ಮಾಡಿಸಿದಂತೆ ಕೆಲಸ ಮಾಡುತ್ತಿತ್ತು. ಎಡಗಡೆಯ ಖಾಲಿ ಸೀಟು, ಅದರ ಮೇಲಿಟ್ಟ ನೀರಿನ ಬಾಟಲಿ, ಹಿಂದೆ ಬರುವ ಗಾಡಿಗಳು, ಎಲ್ಲ ಕಾಣುತ್ತಿತ್ತು. ವಳಸಂಗ ದಾಟುವಾಗ ಕೇಳಿದೆ. ಹೂಂ ಬರಲಿಲ್ಲ. ಮಲಗಿರಬೇಕು ಎಂದುಕೊಂಡೆ. ಸ್ವಲ್ಪ ಮುಂದೆ ನನ್ನ ಸೀಟಿನ ಬೆನ್ನಿಗೆ ಏನೋ ಒತ್ತಿದಂತಾಯಿತು. ಮೊಣಕಾಲು ಆನಿಸಿದ್ದಾಳೆ ಎಂದು ನಾನು, ಹೇಳಲು ನಾಚಿಕೆಯಾಗುತ್ತದೆ, ಬೆನ್ನಿನಿಂದ ಸೀಟನ್ನು ಒಮ್ಮೆ ಹಿಂದಕ್ಕೆ ಒತ್ತಿದೆ. ಅಕ್ಕಲಕೋಟೆಯಲ್ಲಿ ತರಕಾರಿಗೆಂದು ಗಾಡಿ ನಿಲ್ಲಿಸಿ ತಿರುಗಿ ನೋಡಿದೆ. ಸೀಟಿಗೆ ಒತ್ತಿದ್ದು ಅವಳ ಹಣೆ.

ಆಗಲೇ ಹೋಗಿಬಿಟ್ಟಿದ್ದಳು. ಹೃದಯ ನಿಂತಿದೆ, ಆಸ್ಪತ್ರೆಯಲ್ಲಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದರು ಡಾಕ್ಟರು. ಪುಣ್ಯವಂತೆ, ಕೂತಲ್ಲೇ ಹೋದಳು ಎಂದಿತು ಊರು. ನನ್ನ ಕಡೆ ಯಾರೂ ಬೆರಳು ತೋರಿಸಲಿಲ್ಲ. ಅವಳ ತುಟಿ ಯಾವಾಗ ಬಿಳುಪೇರಿತೆಂದು ನೋಡಬೇಕಾದವಳು ನಾನು, ನೋಡಲಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ, ಅವಳ ಫೋಟೋಕ್ಕೆ ಚೌಕಟ್ಟು ಹಾಕಿಸಲು ಅಕ್ಕಲಕೋಟೆಗೆ ಹೋಗಬೇಕಿತ್ತು. ಒಳಗೆ ಜೀವ ಹೋದ ಗಾಡಿ, ಭಂಡಾರ ಹಚ್ಚದೆ ಹೊರಡಿಸುವಂತಿಲ್ಲ. ನಮ್ಮವರು ಅತ್ತೆಯ ಅದೇ ಬಟ್ಟಲಿನಲ್ಲಿ ಕಲಸಿಕೊಂಡು ಬಂದು ಸ್ಟಿಯರಿಂಗಿಗೆ ಹಚ್ಚಿದರು, ಬಾಗಿಲಿಗೆ ಹಚ್ಚಿದರು, ಕನ್ನಡಿಯ ಹತ್ತಿರ ಬಂದು ಕೈ ತಡೆದರು.

"ಇದಕ ಹಚ್ಚಲೇನು?" ಎಂದು ಕೇಳಿದರು. ನನ್ನ ಮುಖ ನೋಡಲಿಲ್ಲ.

ಅತ್ತೆ ಮಗನಿಗೆ ಹೇಳಿದ್ದಳು ಎಂದು ಆಗ ತಿಳಿಯಿತು. ಅಷ್ಟು ತಿಂಗಳು ಅವರು ಒಂದು ಮಾತು ಎತ್ತಿರಲಿಲ್ಲ. ಈಗ ತಮ್ಮ ಮನೆದೇವರ ಭಂಡಾರ ಹಚ್ಚಲು ನನ್ನ ಅಪ್ಪಣೆ ಕೇಳುತ್ತಿದ್ದರು. ಕನ್ನಡಿಯನ್ನು ತಿರುಗಿಸಿ ಅದರ ಬೆನ್ನನ್ನು ಅವರ ಕಡೆ ಹಿಡಿದೆ. ಆ ಗುಂಡನೆಯ ಕಣ್ಣಿನ ಮೇಲೆಯೇ ಹಚ್ಚಿದರು.

ಆಮೇಲೆ ಫೋಟೋವನ್ನು ಎದೆಗೆ ಹಿಡಿದುಕೊಂಡು, ಮುಂದೆ ಕೂರದೆ, ಹಿಂದಿನ ಬಾಗಿಲು ತೆಗೆದು ನನ್ನ ಸೀಟಿನ ಹಿಂದೆ ಕೂತರು. ಗಾಡಿ ಊರು ದಾಟಿತು. ಬಿಸಿಲು ಬೆನ್ನಿಗೆ ಬಂದು ಕನ್ನಡಿ ಕಪ್ಪಾಯಿತು. ಹಿಂದೆ ಅವರು ಅಳುತ್ತಿದ್ದದ್ದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ನಾನು ಗಾಡಿಯನ್ನು ಬದಿಗೆ ನಿಲ್ಲಿಸಿ ತಿರುಗಿದೆ.

"ಈ ಕಡೆ ಕೂಡ್ರಿ," ಎಂದೆ.

ಅನ್ನುವುದು ಅಷ್ಟು ಸುಲಭವಿತ್ತು.